ಠಾಣೆಯಿಂದ ತೀರ್ಪಿನವರೆಗೆ: ಕ್ರಿಮಿನಲ್ ಕೇಸಿನಲ್ಲಿ ಕಿವಿಗೆ ಬೀಳುವ ಮಾತುಗಳು, ಕೇಳಿ ಪಡೆಯಬೇಕಾದ ಕಾಗದಗಳು

"ಬೇಲ್ ಆತಲ್ರೀ, ಇನ್ನ ಕೇಸ್ ಮುಗದಂಗ." ಹುಬ್ಬಳ್ಳಿ ತಿಮ್ಮಸಾಗರದ ಕೋರ್ಟ್ ಸಂಕೀರ್ಣದಲ್ಲಾಗಲಿ, ಗದಗ ಮತ್ತು ಹಾವೇರಿಯ ಜಿಲ್ಲಾ ಕೋರ್ಟುಗಳ ಪಡಸಾಲೆಯಲ್ಲಾಗಲಿ ಈ ಮಾತು ಪದೇ ಪದೇ ಕಿವಿಗೆ ಬೀಳುತ್ತದೆ. ಹೀಗೆಂದುಕೊಂಡು ಊರಿಗೆ ಹೋದವರು ಮುಂದಿನ ತಾರೀಖಿಗೆ ಬರುವುದಿಲ್ಲ. ಎರಡು ತಾರೀಖು ತಪ್ಪಿದ ಮೇಲೆ ಪೊಲೀಸರು ವಾರಂಟ್ ಹಿಡಿದು ಮನೆ ಬಾಗಿಲಿಗೆ ಬರುತ್ತಾರೆ. ಜಾಮೀನು ಕೊಟ್ಟ ನೆಂಟನಿಗೂ ನೋಟಿಸ್ ಹೋಗಿರುತ್ತದೆ. ಇದಕ್ಕೆಲ್ಲ ಕಾರಣ 'ಜಾಮೀನು' ಎಂಬ ಒಂದು ಮಾತಿನ ಅರ್ಥವನ್ನು ಯಾರೂ ಕೂರಿಸಿ ಹೇಳದೇ ಇದ್ದದ್ದು.

ಕ್ರಿಮಿನಲ್ ಕೇಸಿನ ಪ್ರತಿ ಹಂತದಲ್ಲೂ ಒಂದು ಮಾತು, ಒಂದು ಕಾಗದ, ಒಂದು ಗಡುವು ಇರುತ್ತವೆ. ಮಾತು ತಿಳಿದಿದ್ದರೆ ಯಾವ ಕಾಗದ ಕೇಳಬೇಕೆಂಬುದು ತಿಳಿಯುತ್ತದೆ, ಕಾಗದ ಕೈಯಲ್ಲಿದ್ದರೆ ಗಡುವು ತಪ್ಪುವುದಿಲ್ಲ. ಫಿರ್ಯಾದಿಯಾಗಿರಲಿ, ಆರೋಪಿಯ ಮನೆಯವರಾಗಿರಲಿ, ಸಾಕ್ಷಿಯಾಗಿರಲಿ, ಮೂವರಿಗೂ ಉಪಯೋಗವಾಗುವಂತೆ ಹಂತ ಹಂತವಾಗಿ ಬರೆದಿದ್ದೇನೆ. ಇದನ್ನು ಓದಿದ ಮಾತ್ರಕ್ಕೆ ವಕೀಲರು ಬೇಡ ಎಂದಲ್ಲ. ವಕೀಲರ ಮುಂದೆ ಕುಳಿತಾಗ ಅವರ ಮಾತು ನಿಮಗೆ ತಿಳಿಯಬೇಕು, ಅಷ್ಟೇ.

ಮೊದಲು, ಯಾವ ಕಾಯ್ದೆ ಎಂದು ನೋಡಿ

2024ರ ಜುಲೈ 1ರಿಂದ ಮೂರು ಹೊಸ ಕಾಯ್ದೆಗಳು ಜಾರಿಯಲ್ಲಿವೆ. 1860ರ ಭಾರತೀಯ ದಂಡ ಸಂಹಿತೆ, ಅಂದರೆ ಐಪಿಸಿಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಇದನ್ನು ಬಿಎನ್‌ಎಸ್ ಎನ್ನುತ್ತಾರೆ. ಯಾವುದು ಅಪರಾಧ, ಅದಕ್ಕೆ ಶಿಕ್ಷೆ ಎಷ್ಟು ಎಂದು ಹೇಳುವುದು ಇದೇ. 1973ರ ದಂಡ ಪ್ರಕ್ರಿಯಾ ಸಂಹಿತೆಯ, ಅಂದರೆ ಸಿಆರ್‌ಪಿಸಿಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಬಿಎನ್‌ಎಸ್‌ಎಸ್) ಬಂದಿದೆ. ದೂರು, ಬಂಧನ, ಜಾಮೀನು, ವಿಚಾರಣೆ ಹೇಗೆ ನಡೆಯಬೇಕು ಎಂಬುದು ಇದರಲ್ಲಿದೆ. 1872ರ ಸಾಕ್ಷ್ಯ ಕಾಯ್ದೆಯ ಬದಲು ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ.

ಘಟನೆ ನಡೆದದ್ದು 2024ರ ಜುಲೈ 1ಕ್ಕಿಂತ ಮೊದಲಾದರೆ ಅಪರಾಧದ ಕಲಮುಗಳು ಈಗಲೂ ಐಪಿಸಿಯವೇ. ಅದಕ್ಕೇ ಒಂದೇ ಕೋರ್ಟ್ ಹಾಲಿನಲ್ಲಿ ಒಂದು ಕೇಸಿಗೆ ಐಪಿಸಿ, ಇನ್ನೊಂದಕ್ಕೆ ಬಿಎನ್‌ಎಸ್ ಕೇಳಿಬರುತ್ತದೆ. ಕಲಂ ನಂಬರ್ ಮಾತ್ರ ಹೇಳಿದರೆ ಈಗ ಏನೂ ತಿಳಿಯುವುದಿಲ್ಲ. ಕೊಲೆ ಎಂದರೆ 302 ಎಂದು ನಮ್ಮ ನಾಲಿಗೆಗೆ ರೂಢಿಯಾಗಿದೆ. ಬಿಎನ್‌ಎಸ್‌ನಲ್ಲಿ ಕೊಲೆಯ ಶಿಕ್ಷೆ ಕಲಂ 103ರಲ್ಲಿದೆ, ಅಲ್ಲಿಯ 302 ಧಾರ್ಮಿಕ ಭಾವನೆ ನೋಯಿಸುವ ಮಾತಿಗೆ ಸಂಬಂಧಿಸಿದ್ದು. ವಂಚನೆಯ 420 ಈಗ 318(4). ಬಿಎನ್‌ಎಸ್‌ನಲ್ಲಿರುವುದೇ 358 ಕಲಮುಗಳು, 420 ಎಂಬ ಕಲಮೇ ಅದರಲ್ಲಿಲ್ಲ. ಎಲ್ಲಕ್ಕಿಂತ ಹೆಚ್ಚು ಗೊಂದಲ ಮಾಡುವುದು 482. ಹಳೆಯ ಸಿಆರ್‌ಪಿಸಿಯಲ್ಲಿ ಅದು ಕೇಸ್ ರದ್ದು ಮಾಡಿ ಎಂದು ಹೈಕೋರ್ಟಿಗೆ ಹೋಗುವ ಕಲಂ ಆಗಿತ್ತು, ಈಗಿನ ಬಿಎನ್‌ಎಸ್‌ಎಸ್‌ನಲ್ಲಿ ಅದು ನಿರೀಕ್ಷಣಾ ಜಾಮೀನಿನ, ಅಂದರೆ ಬಂಧನಕ್ಕೆ ಮೊದಲೇ ಪಡೆಯುವ ಜಾಮೀನಿನ ಕಲಂ. ಆದ್ದರಿಂದ ಯಾರಾದರೂ ಕಲಂ ಹೇಳಿದರೆ "ಯಾವ ಕಾಯ್ದೇದ್ರೀ?" ಎಂದು ಕೇಳಿಬಿಡಿ.

ಠಾಣೆಯಲ್ಲಿ: ಎಫ್‌ಐಆರ್ ಆಯಿತೋ, ಎನ್‌ಸಿ ಆಯಿತೋ?

ಠಾಣೆಗೆ ಹೋಗಿ ಅರ್ಜಿ ಕೊಟ್ಟು ಬಂದವರನ್ನು "ಕೇಸ್ ಆತೇನ್ರಿ?" ಎಂದು ಕೇಳಿದರೆ "ಹೌದ್ರಿ, ಬರಕೊಂಡಾರ" ಎನ್ನುತ್ತಾರೆ. ಬರೆದುಕೊಂಡದ್ದು ಯಾವ ಪುಸ್ತಕದಲ್ಲಿ ಎಂಬುದೇ ಮುಖ್ಯ.

ಅಪರಾಧಗಳಲ್ಲಿ ಎರಡು ಬಗೆ. ಮೊದಲನೆಯದು ಸಂಜ್ಞೇಯ ಅಪರಾಧ: ಕೊಲೆ, ಅತ್ಯಾಚಾರ, ದರೋಡೆ, ಎಲುಬು ಮುರಿಯುವಂಥ ಹೊಡೆತ ಇತ್ಯಾದಿ. ಇವುಗಳಲ್ಲಿ ಕೋರ್ಟಿನ ಅನುಮತಿಗೆ ಕಾಯದೆ ಪೊಲೀಸರು ತನಿಖೆ ಶುರು ಮಾಡಬಹುದು, ವಾರಂಟ್ ಇಲ್ಲದೆ ದಸ್ತಗಿರಿ ಮಾಡಬಹುದು. ಇಂಥ ಮಾಹಿತಿ ಬಂದಾಗ ದಾಖಲಾಗುವುದೇ ಪ್ರಥಮ ವರ್ತಮಾನ ವರದಿ, ಅಂದರೆ ಎಫ್‌ಐಆರ್. ಎರಡನೆಯದು ಅಸಂಜ್ಞೇಯ ಅಪರಾಧ, ಠಾಣೆಯ ಮಾತಿನಲ್ಲಿ ಎನ್‌ಸಿ: ಬೈಗುಳ, ಸಾದಾ ಹೊಡೆತ, 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಿನ ಕಳವು. ಇವುಗಳಲ್ಲಿ ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಎನ್‌ಸಿ ಆದ ಮೇಲೆ ಆರು ತಿಂಗಳು ಕಾದು "ಪೊಲೀಸರು ಏನೂ ಮಾಡಲಿಲ್ಲ" ಎಂದು ಬೇಸರಪಡುವ ಬದಲು, ಅದೇ ದಿನ "ಇದು ಎನ್‌ಸಿ ಏನ್ರಿ, ಎಫ್‌ಐಆರ್ ಏನ್ರಿ?" ಎಂದು ಕೇಳಿ.

ಎಫ್‌ಐಆರ್ ಆಗಿದ್ದರೆ ಅದಕ್ಕೊಂದು ಗುನ್ನಾ ನಂಬರ್ ಇರುತ್ತದೆ, ಬೆಂಗಳೂರು ಕಡೆ ಅಪರಾಧ ಸಂಖ್ಯೆ ಎನ್ನುವುದು ಇದನ್ನೇ. ಪ್ರತಿಯನ್ನು ಫಿರ್ಯಾದಿಗೆ ಪುಕ್ಕಟೆ ಕೊಡಬೇಕೆಂದು ಬಿಎನ್‌ಎಸ್‌ಎಸ್ ಕಲಂ 173 ಹೇಳುತ್ತದೆ. ಝೆರಾಕ್ಸ್ ಖರ್ಚನ್ನೂ ನೀವು ಕೊಡಬೇಕಿಲ್ಲ.

ಘಟನೆ ನಮ್ಮ ಹದ್ದಿನಲ್ಲಿ ಆಗಿಲ್ಲ ಎಂದು ವಾಪಸ್ ಕಳಿಸುವುದಕ್ಕೂ ಈಗ ಅವಕಾಶವಿಲ್ಲ. ಹಾವೇರಿಯಲ್ಲಿ ಬಸ್ ಹತ್ತುವಾಗ ಕೊರಳಿನ ಸರ ಕಿತ್ತುಕೊಂಡದ್ದು ಹುಬ್ಬಳ್ಳಿಗೆ ಬಂದ ಮೇಲೆ ಗೊತ್ತಾದರೂ ಹುಬ್ಬಳ್ಳಿಯ ಠಾಣೆಯಲ್ಲೇ ದೂರು ಕೊಡಬಹುದು. ಅವರು 'ಝೀರೋ ಎಫ್‌ಐಆರ್' ದಾಖಲಿಸಿ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಆನ್‌ಲೈನ್‌ನಲ್ಲಿ ಮಾಹಿತಿ ಕೊಡುವ ದಾರಿಯೂ ಇದೆ, ಆದರೆ ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು. ಲೈಂಗಿಕ ಅಪರಾಧಗಳಲ್ಲಿ ಸಂತ್ರಸ್ತೆಯ ಮಾತನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು.

ಮೂರು ವರ್ಷಕ್ಕೆ ಕಡಿಮೆಯಿಲ್ಲದ, ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ದರ್ಜೆಯ ಅಧಿಕಾರಿಯ ಅನುಮತಿ ಪಡೆದು 14 ದಿನದ 'ಪ್ರಾಥಮಿಕ ವಿಚಾರಣೆ' ನಡೆಸಲು ಹೊಸ ಕಾಯ್ದೆ ಅವಕಾಶ ಕೊಟ್ಟಿದೆ. "ವಿಚಾರಣೆ ನಡದೈತ್ರಿ" ಎಂದು ಹೇಳಿದರೆ, ಅನುಮತಿ ಪಡೆದ ವಿಚಾರಣೆಯೇ, 14 ದಿನ ಎಂದಿಗೆ ಮುಗಿಯುತ್ತದೆ ಎಂದು ಕೇಳಿಕೊಳ್ಳಿ.

ಠಾಣೆಯಲ್ಲಿ ದೂರು ತೆಗೆದುಕೊಳ್ಳಲೇ ಇಲ್ಲ ಎನ್ನಿ. ಗದಗ, ಹಾವೇರಿ ಜಿಲ್ಲೆಗಳಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ, ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ಕಮಿಷನರೇಟ್‌ನ ಮೇಲಧಿಕಾರಿಗಳಿಗೆ ಅದೇ ದೂರನ್ನು ಅಂಚೆಯಲ್ಲಿ ಕಳಿಸಿ, ಅಂಚೆ ರಸೀದಿ ಜೋಪಾನ ಮಾಡಿ. ಅಲ್ಲಿಯೂ ಆಗದಿದ್ದರೆ ಅದೇ ರಸೀದಿ, ದೂರಿನ ಪ್ರತಿ, ಒಂದು ಪ್ರಮಾಣಪತ್ರ (ಅಫಿಡವಿಟ್) ಇಟ್ಟು ವಕೀಲರ ಮೂಲಕ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಬಹುದು. ರಸೀದಿ ಇಲ್ಲದಿದ್ದರೆ ಆ ಅರ್ಜಿಗೆ ಬಲವಿಲ್ಲ.

ಎಫ್‌ಐಆರ್ ಇಲ್ಲದೆಯೇ ನಡೆಯುವ ಕ್ರಿಮಿನಲ್ ಕೇಸುಗಳೂ ಇವೆ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗಳಿಗೆ, ಹುಬ್ಬಳ್ಳಿ ಎಪಿಎಂಸಿಯ ದಲಾಲರಿಗೆ ಚೆಕ್ ಬೌನ್ಸ್ ಕೇಸು ಚೆನ್ನಾಗಿ ಗೊತ್ತು. ಅದಕ್ಕೆ ಠಾಣೆಗೆ ಹೋಗಬೇಕಿಲ್ಲ, ನೇರ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಖಾಸಗಿ ಫಿರ್ಯಾದು ಸಲ್ಲಿಸಬೇಕು. ಅಲ್ಲಿ ಗಡುವು ಬಿಗಿ: ಚೆಕ್ ವಾಪಸಾದ ಸುದ್ದಿ ಬ್ಯಾಂಕಿನಿಂದ ಬಂದ 30 ದಿನದೊಳಗೆ ನೋಟಿಸ್, ಹಣ ಕೊಡಲು ಎದುರಾಳಿಗೆ 15 ದಿನ, ಆಮೇಲೆ ಒಂದು ತಿಂಗಳೊಳಗೆ ಫಿರ್ಯಾದು.

ಎಫ್‌ಐಆರ್ ಓದುವುದು ಹೇಗೆ

ಒಂದು ಉದಾಹರಣೆ ತೆಗೆದುಕೊಳ್ಳೋಣ. ನವಲಗುಂದ ಕಡೆಯ ಒಂದು ಹಳ್ಳಿ. ಹೊಲದ ಬದುವಿನ ಮೇಲೆ ಜಗಳವಾಗಿ ಪಕ್ಕದ ಹೊಲದ ಇಬ್ಬರು ಬಡಿಗೆಯಿಂದ ಹೊಡೆದಿದ್ದಾರೆ. ಎಫ್‌ಐಆರ್‌ನಲ್ಲಿ 'ಕಲಂ 115(2), 126(2), 352, 351(2) ಸಹಕಲಂ 3(5) ಬಿಎನ್‌ಎಸ್' ಎಂದಿದೆ. ಇದನ್ನು ಬಿಡಿಸಿ ಓದಿದರೆ ಇಷ್ಟು: ಸಾದಾ ಗಾಯ ಮಾಡಿದ್ದು, ಅಡ್ಡಗಟ್ಟಿದ್ದು, ಶಾಂತಿ ಕದಡುವಂತೆ ಅವಮಾನಿಸಿ ಬೈದದ್ದು, ಬೆದರಿಕೆ ಹಾಕಿದ್ದು. 'ಸಹಕಲಂ 3(5)' ಎಂದರೆ ಇವೆಲ್ಲವನ್ನೂ ಇಬ್ಬರೂ ಸೇರಿ ಒಂದೇ ಉದ್ದೇಶದಿಂದ ಮಾಡಿದರು ಎಂದು. ಹಳೆಯ ಐಪಿಸಿಯ 34 ಇದೇ.

ಈಗ ಫಿರ್ಯಾದಿಯ ಮುಂಗೈ ಎಲುಬು ಮುರಿದಿದೆ ಎಂದುಕೊಳ್ಳಿ. ಹಾಗಿದ್ದರೆ 115(2) ಸಾಲದು. ಎಲುಬು ಮುರಿದರೆ, ಹಲ್ಲು ಬಿದ್ದರೆ, 15 ದಿನ ತನ್ನ ಕೆಲಸ ಮಾಡಿಕೊಳ್ಳಲಾಗದಂಥ ನೋವಾದರೆ ಅದು 'ಭಾರಿ ಗಾಯ', ಕಲಂ 117. ಶಿಕ್ಷೆ ಏಳು ವರ್ಷದವರೆಗೆ ಹೋಗಬಹುದು. ಹಳೆಯ ಕಾಯ್ದೆಯಲ್ಲಿ 20 ದಿನ ಇದ್ದದ್ದು ಈಗ 15ಕ್ಕೆ ಇಳಿದಿದೆ. ಈ ಫರಕು ತೀರ್ಮಾನವಾಗುವುದು ವೈದ್ಯರು ಕೊಡುವ ಗಾಯದ ಪ್ರಮಾಣಪತ್ರದಿಂದ. ಹೊಡೆತ ತಿಂದವರು ಮನೆಯಲ್ಲಿ ಅರಿಶಿನ ಹಚ್ಚಿಕೊಂಡು ಮೂರು ದಿನ ಮಲಗಿ ಆಮೇಲೆ ಠಾಣೆಗೆ ಹೋದರೆ ಆ ಕಾಗದವೇ ಹುಟ್ಟುವುದಿಲ್ಲ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಹೊಡೆದದ್ದರಿಂದ ಆದ ಗಾಯ ಎಂದು ವೈದ್ಯರಿಗೆ ಸ್ಪಷ್ಟವಾಗಿ ಹೇಳಿ. ಅವರು ಅದನ್ನು ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸ್) ಎಂದು ಬರೆದು ಠಾಣೆಗೆ ತಿಳಿಸುತ್ತಾರೆ. "ಬಿದ್ದೇನ್ರಿ" ಎಂದು ಮರ್ಯಾದೆಗೆ ಅಂಜಿ ಹೇಳಿದ ಒಂದು ಮಾತು ಎರಡು ವರ್ಷದ ನಂತರ ಪಾಟಿ ಸವಾಲಿನಲ್ಲಿ, ಅಂದರೆ ಎದುರಿನ ವಕೀಲರ ಪ್ರಶ್ನೆಗಳಲ್ಲಿ, ಎದುರು ನಿಲ್ಲುತ್ತದೆ.

ಎಫ್‌ಐಆರ್ ಫಾರ್ಮಿನಲ್ಲಿ ತಡವಾಗಿ ದೂರು ಕೊಟ್ಟಿದ್ದರೆ ಕಾರಣ ಬರೆಯುವ ಕಾಲಂ ಒಂದಿದೆ. ಅದನ್ನು ಖಾಲಿ ಬಿಡಿಸಬೇಡಿ. ಆಸ್ಪತ್ರೆಯಲ್ಲಿದ್ದೆವು, ಊರ ಹಿರಿಯರು ರಾಜಿ ಮಾಡಿಸುತ್ತೇವೆ ಎಂದು ಎರಡು ದಿನ ನಿಲ್ಲಿಸಿದರು, ನಿಜ ಏನಿದೆಯೋ ಅದನ್ನೇ ಬರೆಸಿ. ಸಹಿ ಮಾಡುವ ಮುಂಚೆ ಪೂರ್ತಿ ಓದಿ, ಓದಲು ಬಾರದಿದ್ದರೆ ಓದಿ ಹೇಳಿಸಿಕೊಳ್ಳಿ. ಓದಿ ಹೇಳುವುದು ಕಾಯ್ದೆ ವಿಧಿಸಿದ ಕರ್ತವ್ಯ, ಯಾರೂ ಮಾಡುವ ಉಪಕಾರವಲ್ಲ.

ತನಿಖೆ: ಹೇಳಿಕೆ, ಪಂಚನಾಮೆ, ಜಪ್ತಿ

ತನಿಖಾಧಿಕಾರಿ ಸಾಕ್ಷಿಗಳ ಹೇಳಿಕೆ ಬರೆದುಕೊಳ್ಳುತ್ತಾರೆ. ಈ ಹೇಳಿಕೆಗೆ ಸಾಕ್ಷಿಯ ಸಹಿ ಬೇಕಿಲ್ಲ, ಹಾಕಿಸಿಕೊಳ್ಳುವಂತೆಯೂ ಇಲ್ಲ. ಹೆಂಗಸರನ್ನು, 60 ದಾಟಿದವರನ್ನು, 15ರ ಒಳಗಿನ ಹುಡುಗರನ್ನು, ಅಂಗವಿಕಲರನ್ನು ಹೇಳಿಕೆಗಾಗಿ ಠಾಣೆಗೆ ಕರೆಸುವಂತಿಲ್ಲ, ಅವರಿರುವಲ್ಲಿಗೇ ಬರಬೇಕು. ಮ್ಯಾಜಿಸ್ಟ್ರೇಟರ ಮುಂದೆ ಕೊಡುವ ಹೇಳಿಕೆ ಬೇರೆಯೇ. ಹಳಬರು ಅದನ್ನು 'ಒನ್ ಸಿಕ್ಸ್‌ಟಿ ಫೋರ್' ಎನ್ನುತ್ತಾರೆ, ಈಗ ಅದು ಬಿಎನ್‌ಎಸ್‌ಎಸ್ ಕಲಂ 183. ಅದರ ತೂಕ ಹೆಚ್ಚು.

ಆರೋಪಿ "ಕಬೂಲ್ ಮಾಡ್ಯಾನಂತ" ಎಂದು ಪೇಪರಿನಲ್ಲಿ ಬಂದಾಗ ಜನ ಕೇಸು ಸಾಬೀತಾಯಿತೆಂದೇ ತಿಳಿಯುತ್ತಾರೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಕೋರ್ಟು ಸಾಕ್ಷ್ಯವಾಗಿ ಒಪ್ಪುವುದಿಲ್ಲ. ಆ ಮಾತಿನಿಂದಾಗಿ ಕದ್ದ ಮಾಲೋ ಆಯುಧವೋ ಸಿಕ್ಕರೆ, ಸಿಕ್ಕ ವಸ್ತುವಿಗೆ ಸಂಬಂಧಿಸಿದಷ್ಟು ಭಾಗವನ್ನು ಮಾತ್ರ ಒಪ್ಪಬಹುದು.

ಸ್ಥಳ ನೋಡಿ, ವಸ್ತು ಜಪ್ತಿ ಮಾಡಿ ಬರೆಯುವುದೇ ಪಂಚನಾಮೆ, ಮೈಸೂರು ಸೀಮೆಯವರ ಮಹಜರು. ಜಪ್ತಿಯಾದ ವಸ್ತು ಮುದ್ದೆಮಾಲು. ಹೊಸ ಕಾಯ್ದೆಯಂತೆ ಶೋಧ ಮತ್ತು ಜಪ್ತಿಯ ವಿಡಿಯೊ ಚಿತ್ರೀಕರಣ ಆಗಬೇಕು.

ಪಂಚರಾಗಿ, ಅಂದರೆ ಪಂಚನಾಮೆಗೆ ಸಾಕ್ಷಿಯಾಗಿ, ಸಹಿ ಮಾಡುವವರಿಗೆ ಒಂದು ಮಾತು ಹೇಳಲೇಬೇಕು. ಚಹಾದಂಗಡಿಯ ಮುಂದೆ ನಿಂತವರನ್ನು "ಬರ್ರಿ ಸ್ವಲ್ಪ, ಒಂದ್ ಸಹಿ" ಎಂದು ಕರೆದಾಗ ಹೋಗುವುದು ತಪ್ಪಲ್ಲ, ಅದು ಊರಿನವರ ಜವಾಬ್ದಾರಿಯೇ. ಆದರೆ ಸ್ಥಳಕ್ಕೆ ಹೋಗದೆ, ವಸ್ತು ನೋಡದೆ, ಬರೆದದ್ದನ್ನು ಓದದೆ ಸಹಿ ಮಾಡಬೇಡಿ. ವರ್ಷಗಳ ನಂತರ ನಿಮಗೇ ಸಮನ್ಸ್ ಬರುತ್ತದೆ. ಕಟಕಟೆಯಲ್ಲಿ ನಿಂತು "ಸಹಿ ನಂದೇ, ಏನ್ ಬರದಾರೋ ಗೊತ್ತಿಲ್ಲ" ಎಂದರೆ ನಿಮ್ಮನ್ನು 'ಪ್ರತಿಕೂಲ ಸಾಕ್ಷಿ' ಎಂದು ಪರಿಗಣಿಸಿ ಸರ್ಕಾರಿ ವಕೀಲರೇ ಸವಾಲು ಹಾಕುತ್ತಾರೆ. ಎಷ್ಟೋ ನಿಜವಾದ ಕೇಸುಗಳು ಬಿದ್ದುಹೋಗುವುದು ಇಲ್ಲಿ.

ನೋಟಿಸ್, ದಸ್ತಗಿರಿ, ಕಸ್ಟಡಿ

ಎಫ್‌ಐಆರ್‌ನಲ್ಲಿ ಹೆಸರು ಬಂದ ಕೂಡಲೇ ದಸ್ತಗಿರಿ ಆಗಲೇಬೇಕೆಂದಿಲ್ಲ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಯಾಕೆ ಅಗತ್ಯ ಎಂಬುದಕ್ಕೆ ಪೊಲೀಸರು ಕಾರಣ ಬರೆಯಬೇಕು. ಅಗತ್ಯವಿಲ್ಲದಿದ್ದರೆ ಬಿಎನ್‌ಎಸ್‌ಎಸ್ ಕಲಂ 35(3)ರ ನೋಟಿಸ್ ಕೊಟ್ಟು ಹಾಜರಾಗಲು ಹೇಳುತ್ತಾರೆ. ಹಳೆಯ '41ಎ ನೋಟಿಸ್' ಇದೇ. ಇದು ಬಂದರೆ ಊರು ಬಿಟ್ಟು ಓಡಬೇಡಿ. ಹೇಳಿದ ದಿನ ಹಾಜರಾಗಿ, ಹಾಜರಾದದ್ದಕ್ಕೆ ನೋಟಿಸಿನ ಪ್ರತಿಯ ಮೇಲೆ ಬರೆಸಿಕೊಳ್ಳಿ. ನೋಟಿಸಿನಂತೆ ನಡೆದುಕೊಳ್ಳುವವರನ್ನು, ವಿಶೇಷ ಕಾರಣ ಬರೆಯದೆ, ಬಂಧಿಸುವಂತಿಲ್ಲ. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧದಲ್ಲಿ 60 ದಾಟಿದವರನ್ನು, ಅಶಕ್ತರನ್ನು ಬಂಧಿಸಲು ಡಿವೈಎಸ್‌ಪಿ ದರ್ಜೆಯ ಅಧಿಕಾರಿಯ ಪೂರ್ವಾನುಮತಿ ಬೇಕು.

ಬಂಧಿಸಿದರೆ ಕಾರಣ ತಿಳಿಸಬೇಕು, ಮನೆಯವರಿಗೋ ಗೆಳೆಯರಿಗೋ ಸುದ್ದಿ ಮುಟ್ಟಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಕಡೆಯದು ಸಂವಿಧಾನದ 22ನೇ ವಿಧಿಯೇ ಕೊಟ್ಟ ಹಕ್ಕು. ಪ್ರಯಾಣದ ಹೊತ್ತು ಈ ಲೆಕ್ಕಕ್ಕೆ ಸೇರುವುದಿಲ್ಲ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಹೆಂಗಸರನ್ನು ಬಂಧಿಸುವಂತಿಲ್ಲ. ತೀರಾ ಅಸಾಧಾರಣ ಸಂದರ್ಭವಿದ್ದರೆ ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟರ ಅನುಮತಿ ಪಡೆದಿರಬೇಕು.

ಮ್ಯಾಜಿಸ್ಟ್ರೇಟರು ಕೊಡುವ ಕಸ್ಟಡಿ ಎರಡು ಬಗೆ. ಪೊಲೀಸ್ ಕಸ್ಟಡಿ ಎಂದರೆ ವಿಚಾರಣೆಗಾಗಿ ಪೊಲೀಸರ ಹತ್ತಿರ, ಒಟ್ಟು 15 ದಿನ ಮೀರದಂತೆ. ನ್ಯಾಯಾಂಗ ಬಂಧನ ಎಂದರೆ ಜೈಲು. "ಜೈಲಿಗೆ ಹಾಕ್ಯಾರ, ಅಂದ್ರ ಶಿಕ್ಷೆ ಆತು" ಎಂದು ಮನೆಯವರು ಅಳುವುದನ್ನು ನೋಡಿದರೆ ಸಂಕಟವಾಗುತ್ತದೆ. ಶಿಕ್ಷೆ ತೀರ್ಪಿನ ನಂತರದ ಮಾತು. ಅಲ್ಲಿಯವರೆಗೆ ಅವನು ವಿಚಾರಣಾಧೀನ ಕೈದಿ, ಆರೋಪಿ, ಅಪರಾಧಿ ಅಲ್ಲ.

ಹೀಗೆ ಒಳಗಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಪುಕ್ಕಟೆ ವಕೀಲರನ್ನು ಪಡೆಯುವ ಹಕ್ಕಿದೆ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಸಹ ಇದೆ. ಧಾರವಾಡ, ಗದಗ, ಹಾವೇರಿಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಗಳಿವೆ, ತಾಲ್ಲೂಕು ಕೋರ್ಟುಗಳಲ್ಲಿ ಸಮಿತಿಗಳಿವೆ. 15100ಕ್ಕೆ ಫೋನ್ ಮಾಡಿದರೂ ದಾರಿ ತೋರಿಸುತ್ತಾರೆ. ವಕೀಲರಿಗೆ ಕೊಡಲು ಹಣವಿಲ್ಲ ಎಂದು ಎತ್ತು ಮಾರಲು ಹೊರಟವರು ಮೊದಲು ಈ ನಂಬರಿಗೆ ಫೋನ್ ಮಾಡಲಿ ಎಂಬುದು ನನ್ನ ಕಳಕಳಿ.

ಜಾಮೀನು

ವಿಚಾರಣೆಗೆ ತಪ್ಪದೆ ಬರುತ್ತೇನೆ ಎಂದು ಕೋರ್ಟಿಗೆ ಬರೆದುಕೊಟ್ಟು ಹೊರಗಿರುವುದೇ ಜಾಮೀನು. ಕೇಸು ಎಲ್ಲಿತ್ತೋ ಅಲ್ಲೇ ಇರುತ್ತದೆ.

ಜಾಮೀನೀಯ ಅಪರಾಧದಲ್ಲಿ ಅದು ಹಕ್ಕು, ಠಾಣೆಯಲ್ಲೇ ಪೊಲೀಸರು ಬಿಡಬಹುದು. ಜಾಮೀನುದಾರರನ್ನು ತರಲಾಗದ ಬಡವನನ್ನು ಅವನ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕು; ಒಂದು ವಾರದಲ್ಲಿ ಜಾಮೀನುದಾರರು ಸಿಗದಿದ್ದರೆ ಅವನನ್ನು ಬಡವನೆಂದೇ ತಿಳಿಯಬೇಕೆಂದು ಕಾಯ್ದೆ ಹೇಳುತ್ತದೆ. ಜಾಮೀನುರಹಿತ ಅಪರಾಧ ಎಂಬ ಮಾತು ಕೇಳಿ ಹಲವರು ಕೈಚೆಲ್ಲಿ ಕೂರುತ್ತಾರೆ. ಜಾಮೀನೇ ಸಿಗುವುದಿಲ್ಲ ಎಂದು ಅದರ ಅರ್ಥವಲ್ಲ. ಅದು ಹಕ್ಕಲ್ಲ, ಕೋರ್ಟಿನ ವಿವೇಚನೆಗೆ ಬಿಟ್ಟದ್ದು, ಅಷ್ಟೇ. ಮ್ಯಾಜಿಸ್ಟ್ರೇಟ್ ಕೋರ್ಟು ನಿರಾಕರಿಸಿದರೆ ಸೆಷನ್ಸ್ ಕೋರ್ಟು, ಅಲ್ಲಿಯೂ ಆಗದಿದ್ದರೆ ಹೈಕೋರ್ಟಿನ ಧಾರವಾಡ ಪೀಠ. 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾಗಿ 2013ರಲ್ಲಿ ಕಾಯಂ ಆದ ಈ ಪೀಠದಿಂದಾಗಿ ನಮ್ಮ ಮೂರೂ ಜಿಲ್ಲೆಯವರು ಜಾಮೀನಿಗಾಗಿ ಬೆಂಗಳೂರಿಗೆ ರಾತ್ರಿ ಬಸ್ ಹತ್ತುವುದು ತಪ್ಪಿದೆ. ಬಂಧನಕ್ಕೆ ಮೊದಲೇ ಪಡೆಯುವುದು ನಿರೀಕ್ಷಣಾ ಜಾಮೀನು. ಇದನ್ನು ಸೆಷನ್ಸ್ ಕೋರ್ಟಿನಲ್ಲಿ ಅಥವಾ ಹೈಕೋರ್ಟಿನಲ್ಲಿ ಕೇಳಬೇಕು, ಮ್ಯಾಜಿಸ್ಟ್ರೇಟರಿಗೆ ಅಧಿಕಾರವಿಲ್ಲ.

ಇನ್ನೊಂದು ಜಾಮೀನಿದೆ, ವಕೀಲರು 'ಡಿಫಾಲ್ಟ್ ಬೇಲ್' ಎನ್ನುತ್ತಾರೆ. ಮರಣದಂಡನೆ, ಜೀವಾವಧಿ, ಹತ್ತು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧವಾದರೆ 90 ದಿನ, ಉಳಿದವಕ್ಕೆ 60 ದಿನ. ಅಷ್ಟರೊಳಗೆ ಪೊಲೀಸರು ದೋಷಾರೋಪ ಪಟ್ಟಿ ಸಲ್ಲಿಸದಿದ್ದರೆ ಜಾಮೀನು ಆರೋಪಿಯ ಹಕ್ಕಾಗುತ್ತದೆ. ಕೇಳಿದರೆ ಮಾತ್ರ ಸಿಗುವ ಹಕ್ಕು ಇದು. ಮರುದಿನ ಪಟ್ಟಿ ಸಲ್ಲಿಕೆಯಾಗುವ ಮೊದಲೇ ಅರ್ಜಿ ಹಾಕಿರಬೇಕು. ಆದ್ದರಿಂದ ಮೊದಲ ಬಾರಿ ಕಸ್ಟಡಿಗೆ ಕೊಟ್ಟ ದಿನಾಂಕವನ್ನು ಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ತುಂಬಾ ದಿನದಿಂದ ಒಳಗಿರುವವರಿಗೆ ಬಿಎನ್‌ಎಸ್‌ಎಸ್ ಕಲಂ 479 ಇದೆ: ಆ ಅಪರಾಧದ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ, ಮೊದಲ ಸಲದ ಆರೋಪಿಯಾದರೆ ಮೂರನೆಯ ಒಂದು ಭಾಗ ಕಳೆದಿದ್ದರೆ ಬಿಡುಗಡೆ ಕೇಳಬಹುದು. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ, ಒಂದಕ್ಕಿಂತ ಹೆಚ್ಚು ಕೇಸು ಬಾಕಿ ಇರುವವರಿಗೆ ಇದು ಸಿಗದು.

ಈಗ ಜಾಮೀನುದಾರರ ವಿಷಯ. ಕೋರ್ಟು ಆದೇಶ ಮಾಡಿದ ಮೇಲೆ ಆಸ್ತಿಯಿರುವ ಒಬ್ಬರೋ ಇಬ್ಬರೋ ಹೊಲದ ಉತಾರ, ಆಧಾರ್, ಫೋಟೊ ಹಿಡಿದು ಕೋರ್ಟಿಗೆ ಬಂದು ಮುಚ್ಚಳಿಕೆ ಬರೆದುಕೊಡುತ್ತಾರೆ. ನಮ್ಮ ಹಳ್ಳಿಗಳಲ್ಲಿ ಇದು ಸ್ನೇಹದ, ಸಂಬಂಧದ ಮಾತಾಗಿ ನಡೆಯುತ್ತದೆ. "ಕಾಕಾ, ಉತಾರ ತಗೊಂಡ್ ಬಾ" ಎಂದರೆ ಕಾಕಾ ಬಂದೇಬಿಡುತ್ತಾನೆ. ಅವನಿಗೆ ಯಾರಾದರೂ ಹೇಳಬೇಕು: ಹುಡುಗ ತಾರೀಖು ತಪ್ಪಿಸಿಕೊಂಡು ಓಡಾಡಿದರೆ ಮುಚ್ಚಳಿಕೆಯಲ್ಲಿ ಬರೆದ ಮೊತ್ತವನ್ನು ಕೋರ್ಟು ಕಾಕಾನಿಂದ ವಸೂಲು ಮಾಡಬಹುದು. ಈ ಹಿಂದೆ ಎಷ್ಟು ಜನರಿಗೆ ಜಾಮೀನು ಕೊಟ್ಟಿದ್ದೇನೆ ಎಂಬುದನ್ನೂ ಅವನು ಘೋಷಿಸಬೇಕು. ಹುಡುಗನ ನಡೆ ಸರಿಯಿಲ್ಲ ಎನಿಸಿದರೆ ಜಾಮೀನಿನಿಂದ ನನ್ನನ್ನು ಬಿಡಿಸಿ ಎಂದು ಯಾವಾಗ ಬೇಕಾದರೂ ಅರ್ಜಿ ಹಾಕಬಹುದು. ಈ ಕೊನೆಯ ಮಾತು ಗೊತ್ತಿಲ್ಲದೆ ಎಷ್ಟೋ ಹಿರಿಯರು ಇನ್ನೊಬ್ಬರ ತಪ್ಪಿಗೆ ದಂಡ ಕಟ್ಟುತ್ತಾರೆ.

ಜಾಮೀನಿನ ಮೇಲಿದ್ದು ಕಾರಣವಿಲ್ಲದೆ ಗೈರಾಗುವುದೇ ಬಿಎನ್‌ಎಸ್‌ನಲ್ಲಿ ಬೇರೊಂದು ಅಪರಾಧ. ಜ್ವರ ಬಂದರೆ, ಮನೆಯಲ್ಲಿ ಸಾವಾದರೆ ಅದೇ ದಿನ ವಕೀಲರಿಗೆ ಫೋನ್ ಮಾಡಿ, ಅವರು ಗೈರುಹಾಜರಿ ಮನ್ನಿಸುವ ಅರ್ಜಿ ಹಾಕುತ್ತಾರೆ. ವಾರಂಟ್ ಆಗಿಹೋಗಿದ್ದರೂ ತಾವಾಗಿಯೇ ಹಾಜರಾಗಿ ರದ್ದು ಮಾಡಲು ಕೇಳಿಕೊಳ್ಳುವವರನ್ನು ನೋಡುವ ರೀತಿ ಬೇರೆ, ಪೊಲೀಸರು ಹಿಡಿದು ತಂದವರನ್ನು ನೋಡುವ ರೀತಿ ಬೇರೆ.

ದೋಷಾರೋಪ ಪಟ್ಟಿಯೋ, 'ಬಿ' ರಿಪೋರ್ಟೋ?

ತನಿಖೆ ಮುಗಿದ ಮೇಲೆ ಪೊಲೀಸರು ಕೋರ್ಟಿಗೆ ವರದಿ ಕೊಡುತ್ತಾರೆ. ಸಾಕ್ಷ್ಯವಿದ್ದರೆ ಅದು ದೋಷಾರೋಪ ಪಟ್ಟಿ, ಚಾರ್ಜ್‌ಶೀಟ್. ದೂರು ಸುಳ್ಳು ಅಥವಾ ಸಾಕ್ಷ್ಯವಿಲ್ಲ ಎಂದಾದರೆ ಕರ್ನಾಟಕದಲ್ಲಿ ಅದಕ್ಕೆ 'ಬಿ' ರಿಪೋರ್ಟ್ ಎನ್ನುತ್ತಾರೆ; ಮಾಡಿದವರು ಪತ್ತೆಯಾಗದಿದ್ದರೆ 'ಸಿ' ರಿಪೋರ್ಟ್. ತನಿಖೆ ಎಲ್ಲಿಗೆ ಬಂದಿದೆ ಎಂದು 90 ದಿನದೊಳಗೆ ಫಿರ್ಯಾದಿಗೆ ತಿಳಿಸಬೇಕೆಂದು ಹೊಸ ಕಾಯ್ದೆಯಲ್ಲಿದೆ. 'ಬಿ' ರಿಪೋರ್ಟ್ ಬಂತೆಂದರೆ ಬಾಗಿಲು ಮುಚ್ಚಿತೆಂದಲ್ಲ. ಕೋರ್ಟಿನಿಂದ ಫಿರ್ಯಾದಿಗೆ ನೋಟಿಸ್ ಬರುತ್ತದೆ, ಆಗ ಹೋಗಿ ತಕರಾರು ಅರ್ಜಿ ಸಲ್ಲಿಸಬಹುದು. ನೋಟಿಸ್ ತೆಗೆದುಕೊಂಡು ಸುಮ್ಮನಿದ್ದರೆ ವರದಿ ಅಂಗೀಕಾರವಾಗುತ್ತದೆ.

ಈ ಹಂತದಲ್ಲಿ ನಂಬರ್ ಬದಲಾಗುತ್ತದೆ. ಠಾಣೆಯ ಗುನ್ನಾ ನಂಬರ್ ಹೋಗಿ ಮ್ಯಾಜಿಸ್ಟ್ರೇಟ್ ಕೋರ್ಟಿನ ಸಿ.ಸಿ. ನಂಬರ್ ಬರುತ್ತದೆ, ಕೊಲೆಯಂಥ ಕೇಸಾದರೆ ಸೆಷನ್ಸ್ ಕೋರ್ಟಿಗೆ ಒಪ್ಪಿಸಿದ ಮೇಲೆ ಎಸ್.ಸಿ. ನಂಬರ್. ಕೇಸು ಒಂದೇ ಕೋರ್ಟಿನಲ್ಲಿರುವವರೆಗೆ ಬದಲಾಗದೆ ಉಳಿಯುವುದು 16 ಅಕ್ಷರ ಮತ್ತು ಅಂಕಿಗಳ ಸಿಎನ್‌ಆರ್ ನಂಬರ್, ಅಂದರೆ ಕೇಸಿನ ಗುರುತಿನ ಸಂಖ್ಯೆ; ಬೇರೆ ಕೋರ್ಟಿಗೆ ಹೋದರೆ ಹೊಸದನ್ನು ಕೇಳಿಕೊಳ್ಳಿ. ಅದನ್ನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿದರೆ ಮುಂದಿನ ತಾರೀಖು ಮೊಬೈಲಿನಲ್ಲೇ ಕಾಣುತ್ತದೆ. ಮನೆಯಲ್ಲಿ ಓದಿದ ಹುಡುಗನೋ ಹುಡುಗಿಯೋ ಇದ್ದರೆ ಈ ಒಂದು ಕೆಲಸ ಅವರಿಗೆ ಒಪ್ಪಿಸಿ.

ಕೋರ್ಟ್ ಹಾಲಿನಲ್ಲಿ

ಆರೋಪಿಗೆ ದೋಷಾರೋಪ ಪಟ್ಟಿಯ ಪ್ರತಿಗಳನ್ನು ಪುಕ್ಕಟೆ ಕೊಡುತ್ತಾರೆ. ಮೇಲ್ನೋಟಕ್ಕೇ ಆಧಾರವಿಲ್ಲದಿದ್ದರೆ ವಿಚಾರಣೆಗೆ ಮೊದಲೇ ಬಿಟ್ಟುಬಿಡಿ ಎಂದು ಕೇಳಬಹುದು, ಅದು ಡಿಸ್‌ಚಾರ್ಜ್. ಇಲ್ಲವಾದರೆ ನ್ಯಾಯಾಧೀಶರು ದೋಷಾರೋಪಣೆ ಓದಿ ಹೇಳಿ "ತಪ್ಪು ಒಪ್ಪುತ್ತೀರಾ?" ಎಂದು ಕೇಳುತ್ತಾರೆ. ತಿಳಿಯದಿದ್ದರೆ ತಿಳಿಯಲಿಲ್ಲ ಎನ್ನಿ. ಗಾಬರಿಯಲ್ಲಿ "ಹೂಂ" ಎಂದುಬಿಡಬೇಡಿ.

ಆಮೇಲೆ ಸಾಕ್ಷಿಗಳು. ಕರೆದವರ ಕಡೆಯ ವಕೀಲರು ಕೇಳುವುದು ಮುಖ್ಯ ವಿಚಾರಣೆ, ಎದುರಿನವರದು ಪಾಟಿ ಸವಾಲು. ಪಾಟಿ ಸವಾಲಿನಲ್ಲಿ "ಹೀಗಾಯಿತು ಎಂದರೆ ಸರಿಯೇ?" ಎಂಬ ಧಾಟಿಯಲ್ಲೇ ಪ್ರಶ್ನೆ ಬರುತ್ತದೆ, ಕೋಪಕ್ಕೆ ಕಾರಣವಿಲ್ಲ. ನೋಡಿದ್ದನ್ನು ಹೇಳಿ, ನೆನಪಿಲ್ಲದ್ದಕ್ಕೆ ನೆನಪಿಲ್ಲ ಎನ್ನಿ, ಕೇಳಿದಷ್ಟಕ್ಕೇ ಉತ್ತರಿಸಿ. 'ನಿಶಾನೆ ಪಿ-1' ಎಂಬ ಮಾತು ಕೇಳಿದರೆ ಅದು ಪ್ರಾಸಿಕ್ಯೂಷನ್ ಹಾಜರುಪಡಿಸಿದ ದಾಖಲೆಗೆ ಕೊಟ್ಟ ಗುರುತು. ಸಾಕ್ಷಿಗಳು ಮುಗಿದ ಮೇಲೆ ನ್ಯಾಯಾಧೀಶರು ಆರೋಪಿಯನ್ನೇ ನೇರವಾಗಿ ಪ್ರಶ್ನೆ ಕೇಳುತ್ತಾರೆ. ಪ್ರಮಾಣ ಮಾಡಿಸದೆ ಕೇಳುವ ಪ್ರಶ್ನೆಗಳಿವು. ಎಲ್ಲಕ್ಕೂ "ಸುಳ್ಳು" ಎಂದು ಒಂದೇ ಮಾತು ಹೇಳುವ ರೂಢಿ ಬಿದ್ದಿದೆ. ನಿಮ್ಮದೇ ವಿವರಣೆ ಇದ್ದರೆ ಹೇಳುವ ಜಾಗ ಇದು, ವಕೀಲರ ಜೊತೆ ಮೊದಲೇ ಮಾತಾಡಿಕೊಂಡಿರಿ.

ಬದುವಿನ ಜಗಳದವರು ನಡುವೆ ರಾಜಿಯಾದರೆ? "ಕೇಸ್ ವಾಪಸ್ ತಗೋತೀವ್ರಿ" ಎಂದು ಠಾಣೆಗೆ ಹೋದರೆ ಆಗುವುದಿಲ್ಲ. ಕೇಸು ಈಗ ಸರ್ಕಾರದ್ದು. ಬಿಎನ್‌ಎಸ್‌ಎಸ್ ಕಲಂ 359ರ ಪಟ್ಟಿಯಲ್ಲಿರುವ ಅಪರಾಧಗಳಿಗೆ ಮಾತ್ರ ಕೋರ್ಟಿನ ಮುಂದೆ ರಾಜಿ ಸಾಧ್ಯ. ಸಾದಾ ಗಾಯದ 115(2)ಕ್ಕೆ ಗಾಯಗೊಂಡವರು ಒಪ್ಪಿದರೆ ಸಾಕು, ಎಲುಬು ಮುರಿದ 117(2)ಕ್ಕೆ ಕೋರ್ಟಿನ ಅನುಮತಿಯೂ ಬೇಕು. ರಾಜಿಯಾದರೆ ಆರೋಪಿ ಖುಲಾಸೆಯಾದಂತೆ. ಲೋಕ ಅದಾಲತ್ ಇದಕ್ಕೆ ಒಳ್ಳೆಯ ಜಾಗ. ಪಟ್ಟಿಯಲ್ಲಿಲ್ಲದ ಅಪರಾಧಕ್ಕೆ ಊರ ಚಾವಡಿಯಲ್ಲಿ ಎಷ್ಟೇ ಕಾಗದ ಬರೆದುಕೊಂಡರೂ ಕೇಸು ಅದರಿಂದ ಮುಗಿಯುವುದಿಲ್ಲ.

ತೀರ್ಪು ಬಂದ ದಿನ

ಖುಲಾಸೆ ಎಂದರೆ ಆರೋಪ ಸಂಶಯಾತೀತವಾಗಿ ಸಾಬೀತಾಗಲಿಲ್ಲ ಎಂದು. ತೀರ್ಪಿನಲ್ಲಿ 'ಸಂಶಯದ ಲಾಭ' ಎಂಬ ಮಾತಿದ್ದರೂ ಅದು ಖುಲಾಸೆಯೇ. ಫಿರ್ಯಾದಿಗೆ ಇದು ಅನ್ಯಾಯ ಎನಿಸಿದರೆ, ಸಂತ್ರಸ್ತರಾಗಿ ಮೇಲ್ಮನವಿ ಸಲ್ಲಿಸುವ ಹಕ್ಕು ಅವರಿಗೂ ಇದೆ. ಅಪರಾಧದಿಂದ ನಷ್ಟಕ್ಕೊಳಗಾದವರು ಪರಿಹಾರಕ್ಕಾಗಿ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು, ಆರೋಪಿ ಸಿಗದೇ ಇದ್ದರೂ.

ಅಪರಾಧಿ ಎಂದು ತೀರ್ಮಾನವಾದರೆ ಶಿಕ್ಷೆಯ ಪ್ರಮಾಣದ ಬಗ್ಗೆ ಕೇಳಿದಾಗ ಮನೆಯ ಪರಿಸ್ಥಿತಿ, ವಯಸ್ಸು, ಇದು ಮೊದಲ ತಪ್ಪು ಎಂಬುದನ್ನು ಹೇಳಿ. 1958ರ ಪ್ರೊಬೇಷನ್ ಕಾಯ್ದೆಯಡಿ ಜೈಲಿಗೆ ಕಳಿಸದೆ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡಲು ಕೋರ್ಟಿಗೆ ಅವಕಾಶವಿದೆ. ಸಣ್ಣ ಕಳವಿನಂಥ ಕೆಲವು ಅಪರಾಧಗಳಿಗೆ ಬಿಎನ್‌ಎಸ್ ಸಮುದಾಯ ಸೇವೆಯನ್ನೂ ಶಿಕ್ಷೆಯಾಗಿ ಸೇರಿಸಿದೆ. ಹಲವು ಕಲಮುಗಳಿಗೆ ಬೇರೆ ಬೇರೆ ಶಿಕ್ಷೆ ಆಗಿದ್ದರೆ, 'ಏಕಕಾಲದಲ್ಲಿ' ಎಂದಿದೆಯೋ, ಒಂದಾದ ಮೇಲೊಂದು ಎಂದಿದೆಯೋ ನೋಡಿ. ಎರಡು ಮತ್ತು ಮೂರು ವರ್ಷದ ಶಿಕ್ಷೆ ಏಕಕಾಲಕ್ಕಾದರೆ ಮೂರು ವರ್ಷ, ಇಲ್ಲದಿದ್ದರೆ ಐದು.

ಸೆರೆವಾಸದ ಶಿಕ್ಷೆಯಾದವರಿಗೆ ತೀರ್ಪಿನ ಪ್ರತಿಯನ್ನು ಅಂದೇ ಪುಕ್ಕಟೆ ಕೊಡಬೇಕು. ಆ ದಿನದಿಂದಲೇ ಮೇಲ್ಮನವಿಯ ಗಡುವು ಓಡತೊಡಗುತ್ತದೆ: ಮ್ಯಾಜಿಸ್ಟ್ರೇಟ್ ಕೋರ್ಟಿನ ತೀರ್ಪಾದರೆ ಸೆಷನ್ಸ್ ಕೋರ್ಟಿಗೆ 30 ದಿನ, ಸೆಷನ್ಸ್ ಕೋರ್ಟಿನದಾದರೆ ಧಾರವಾಡ ಪೀಠಕ್ಕೆ 60 ದಿನ. ಮೇಲ್ಮನವಿಯ ಜೊತೆಗೇ ಶಿಕ್ಷೆಯನ್ನು ಅಮಾನತಿನಲ್ಲಿಡಲು ಅರ್ಜಿ ಹಾಕಿಸಿ. ಅದು ಬೇರೆ ಅರ್ಜಿ, ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ಜೈಲಿನಿಂದ ಹೊರಬರಲಾಗುವುದಿಲ್ಲ. ಆಗಲೇ ಜೈಲಿನಲ್ಲಿರುವವರು ಜೈಲಿನ ಅಧಿಕಾರಿಯ ಕೈಗೆ ಮೇಲ್ಮನವಿ ಕೊಟ್ಟರೆ ಸಾಕು, ಅದನ್ನು ಕೋರ್ಟಿಗೆ ಮುಟ್ಟಿಸುವ ಹೊಣೆ ಅವರದು.